ಹೆಡರ್ ಬದಲಿಸುವ ಮುನ್ನ

ಸಿರುಗುಪ್ಪದ ಮಿತ್ರರೆ,

ಹೊಗೆಯ ನಿರ್ಗಮನಮಾರ್ಗವನ್ನು ಸುಗಮಗೊಳಿಸಿದರೆ ಎಂಜಿನ್ನಿನ ಶಕ್ತಿ ವರ್ಧಿಸುವುದೆಂಬ ತಮ್ಮ ತರ್ಕ ನಿರಾಧಾರವಾದುದಲ್ಲ. ಆದರೆ 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಬಿಎಸ್-6 ಮಾನಕದ ಪೆಟ್ರೋಲ್ ಕಾರುಗಳಲ್ಲಿ ವಿಷಾನಿಲವನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಹುಮಟ್ಟಿಗೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿಗೇ ಹೊಂದಿಕೊಂಡಿರುವುದರಿಂದ, ಸುಗಮ ಹೊಗೆಕೊಳವೆಯಾದ ಹೆಡರಿನಾಸೆಗೆ ಮ್ಯಾನಿಫೋಲ್ಡನ್ನು ಕಳಚಿದವರು ಕನ್ವರ್ಟರನ್ನೂ ಕಳೆದುಕೊಂಡು, ಆಕ್ಸಿಜನ್ ಸೆನ್ಸರಿನ ಎಣಿಕೆ ತಪ್ಪಿ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಆರದೆ ಉರಿಯುವುದನ್ನು ಕಾಣಬೇಕಾಗುವುದು. ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನವನ್ನು ಬೀದಿಗಿಳಿಸುವುದು 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಂತೆ ಶಿಕ್ಷಾರ್ಹವೂ ಹೌದು.

ಹಳೆಯ ಮ್ಯಾನಿಫೋಲ್ಡು ಬಿರಿದಿದ್ದು, ಕಂಪನಿಯ ಮಾದರಿಯದನ್ನೇ ಮನೆಯಂಗಳದಲ್ಲಿ ಕೂಡಿಸುವಿರಾದರೆ, ಬಳ್ಳಾರಿಯ ಬಿಸಿಲಿನಲ್ಲಿ ಕುರುಗೋಡಿನ ದಾರಿ ಸವೆಸಿ ಬಂದ ಎಂಜಿನ್ನು ರಾತ್ರಿಯೆಲ್ಲ ತಣಿಯಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ಎಣ್ಣೆಯುಣಿಸಿ, ಹೊಸ ಗ್ಯಾಸ್ಕೆಟ್ಟನ್ನೇ ಇರಿಸಿ, ನಡುವಿನಿಂದ ಅಂಚಿನೆಡೆಗೆ ಹಂತಹಂತವಾಗಿ ಬಿಗಿಯಿರಿ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ದಯವಿಟ್ಟು ನುಸುಳಬೇಡಿ.