ಪಿಸಿಯೊಳಗೊಂದು ಹಳೆಯ ಯಂತ್ರ

ಹಳೆಯ ವಿಡಿಯೋ ಗೇಮ್‌ಗಳನ್ನು ಪಿಸಿಯಲ್ಲಿ ಆಡಬೇಕೆನ್ನುವವರು ಮೊದಲು ಕೇಳುವುದು, ‘ಗೇಮ್ ಎಲ್ಲಿ ಸಿಗುತ್ತದೆ?’ ಎಂದು. ಅದಕ್ಕೂ ಮುಂಚೆ ಅದು ಯಾವ ಯಂತ್ರಕ್ಕಾಗಿ ಬರೆದ ಗೇಮ್ ಎಂದು ಕೇಳಿಕೊಳ್ಳಿ. ಅದು ತಿಳಿದರೆ ಉಳಿದದ್ದು ಕಷ್ಟವಲ್ಲ.

ನಿಂಟೆಂಡೊ ಕಂಪನಿಯ ಯಂತ್ರದಿಂದಲೇ ಶುರುಮಾಡೋಣ. ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಎಂದು ಬಂದದ್ದು ಅಮೆರಿಕಕ್ಕೆ 1985ರಲ್ಲಿ ಎನ್‌ಇಎಸ್ ಆಗಿ ಹೋಯಿತು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟೀವಿಗೆ ಸಿಕ್ಕಿಸಿ, ‘ಕ್ಯಾಸೆಟ್’ ಹಾಕಿ ಕಾಂಟ್ರಾ ಆಡುತ್ತಿದ್ದ ಅಗ್ಗದ ಡಬ್ಬಿಗಳಲ್ಲಿ ಹೆಚ್ಚಿನವು ಇದರ ನಕಲುಗಳೇ. ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ 2 ಕೆಬಿ. ಸೂಪರ್ ಮಾರಿಯೊ ಬ್ರದರ್ಸ್ ಇಡೀ ಗೇಮ್ 40 ಕೆಬಿ! ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣವನ್ನಷ್ಟೇ ಬದಲಾಯಿಸಿದ್ದಾರೆ. ಆ ಕಾಲದ ಪ್ರೋಗ್ರಾಮರ್‌ಗಳ ಜಾಣ್ಮೆ ನನಗೆ ಇಂದಿಗೂ ಬೆರಗು.

ನಿಮ್ಮ ಪಿಸಿ ಎಷ್ಟೇ ವೇಗದ್ದಾದರೂ ಆ ಹಳೆಯ ಚಿಪ್‌ನ ಆಜ್ಞೆಗಳು ಅದಕ್ಕೆ ಅರ್ಥವಾಗುವುದಿಲ್ಲ. ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಆ ಆಜ್ಞೆಗಳನ್ನು ಒಂದೊಂದಾಗಿ ಓದಿ, ಹಳೆಯ ಚಿಪ್ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. ಚಿತ್ರದ ಚಿಪ್, ಧ್ವನಿಯ ಭಾಗ ಎಲ್ಲವನ್ನೂ ತಾಳ ತಪ್ಪದಂತೆ ನಡೆಸುತ್ತದೆ. ಯಂತ್ರದ ಮಿತಿಗಳೂ ಜೊತೆಗೇ ಬರುತ್ತವೆ. ಪರದೆಯ ಒಂದು ಅಡ್ಡಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್‌ಗಳನ್ನು, ಅಂದರೆ ಚಲಿಸುವ ಚಿತ್ರದ ತುಣುಕುಗಳನ್ನು, ತೋರಿಸಲು ಎನ್‌ಇಎಸ್‌ಗೆ ಆಗುತ್ತಿರಲಿಲ್ಲ. ಹಾಗಾಗಿ ಶತ್ರುಗಳು ಗುಂಪುಗೂಡಿದಾಗ ಆಕೃತಿಗಳು ಮಿನುಗುತ್ತವೆ. ಎಮ್ಯುಲೇಟರ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಅಸಲಿ ಯಂತ್ರವೂ ಹಾಗೆಯೇ ಮಿನುಗುತ್ತಿತ್ತು.

ಮೊದಲಿಗೆ ಮೆಸೆನ್ ಎಂಬ ಎಮ್ಯುಲೇಟರ್ ಬಳಸಿ. ಉಚಿತ, ನಿಖರತೆಗೆ ಹೆಸರಾದದ್ದು. ಕ್ಯಾಸೆಟ್‌ನೊಳಗಿನ ಗೇಮ್ ಫೈಲ್ ರೂಪದಲ್ಲಿದ್ದರೆ ಅದನ್ನು ರೋಮ್ ಎನ್ನುತ್ತಾರೆ. ಎಮ್ಯುಲೇಟರ್ ಬೇರೆ, ರೋಮ್ ಬೇರೆ ಎಂಬುದನ್ನು ಮರೆಯಬೇಡಿ. ಹಳೆಯ ಗೇಮ್‌ಗಳಿಗೆ ಇಂದಿಗೂ ಕಾಪಿರೈಟ್ ಇದೆ. ಎಲ್ಲೆಂದರಲ್ಲಿಂದ ಇಳಿಸಿಕೊಳ್ಳುವುದನ್ನು ನಾನು ಹೇಳಿಕೊಡುವುದಿಲ್ಲ. ಇದೇ ಯಂತ್ರಕ್ಕಾಗಿ ಇಂದಿಗೂ ಹೊಸ ಗೇಮ್ ಬರೆಯುವವರಿದ್ದಾರೆ. 2019ರಲ್ಲಿ ಬಂದ ಮೈಕ್ರೊ ಮೇಜಸ್ ಕೂಡ 40 ಕೆಬಿಯದ್ದೇ, ನಾಲ್ವರು ಒಟ್ಟಿಗೆ ಆಡಬಹುದು, ಅದರ ರೋಮ್ ಅನ್ನೇ ಖರೀದಿಸಬಹುದು. ಕಲಿಯಲು ಅದಕ್ಕಿಂತ ಒಳ್ಳೆಯದು ಬೇಡ.

ರೋಮ್ ತೆರೆದ ಮೇಲೆ ಇನ್‌ಪುಟ್ ಸೆಟ್ಟಿಂಗ್‌ಗೆ ಹೋಗಿ. ನಾಲ್ಕು ದಿಕ್ಕು, ಎ, ಬಿ, ಸ್ಟಾರ್ಟ್, ಸೆಲೆಕ್ಟ್ ಇಷ್ಟಕ್ಕೇ ಕೀಲಿ ಗೊತ್ತುಮಾಡಿದರೆ ಸಾಕು. ಕೀಬೋರ್ಡಿನಲ್ಲೂ ಆಡಬಹುದು, ಆದರೆ ಯುಎಸ್‌ಬಿ ಗೇಮ್‌ಪ್ಯಾಡ್ ಕೈಗೆ ಬಂದಾಗಲೇ ಜಿಗಿತದ ಹದ ಸಿಗುವುದು. ಚಿತ್ರವನ್ನು ಅಗಲವಾದ ಪರದೆಗೆ ಎಳೆದು ತುಂಬಿಸಬೇಡಿ, 4:3ರಲ್ಲೇ ಇಡಿ. ಇಲ್ಲವಾದರೆ ಮಾರಿಯೊ ದಪ್ಪಗಾಗುತ್ತಾನೆ.

ಸೇವ್ ಸ್ಟೇಟ್ ಎಂಬ ಸೌಲಭ್ಯ ಆ ಕ್ಷಣದ ಇಡೀ ಯಂತ್ರದ ಸ್ಥಿತಿಯನ್ನೇ ಫೈಲಾಗಿ ಉಳಿಸುತ್ತದೆ, ಬೇಕಾದಾಗ ಅಲ್ಲಿಂದಲೇ ಮುಂದುವರಿಯಬಹುದು. ಕಷ್ಟದ ಜಾಗಗಳಲ್ಲಿ ಸಂಕೋಚವಿಲ್ಲದೆ ಬಳಸಿ. ಆದರೆ ಎಮ್ಯುಲೇಟರಿನ ಹೊಸ ಆವೃತ್ತಿ ಹಳೆಯ ಸ್ಟೇಟ್ ಫೈಲನ್ನು ತೆರೆಯದೆ ಹೋಗಬಹುದು. ಜೆಲ್ಡಾದಂಥ ದೀರ್ಘ ಆಟಗಳಿಗೆ ತಮ್ಮದೇ ಸೇವ್ ವ್ಯವಸ್ಥೆ ಇರುತ್ತದೆ. ಅಲ್ಲಿ ಅದನ್ನೂ ತಪ್ಪದೆ ಮಾಡಿಕೊಳ್ಳಿ.