ಒತ್ತೆಯಾಳು ಬರೆದ ಚರಿತ್ರೆ

ಮಗೂ, ಚರಿತ್ರೆ ಬರೆಯುತ್ತೇನೆ ಅಂತ ಹೊರಟಿದ್ದೀಯ, ಒಳ್ಳೆಯದು. ಹೆರೊಡೊಟಸ್, ಥುಸಿಡಿಡೀಸ್ ಇಬ್ಬರನ್ನೂ ಓದು ಅಂತ ನಿನ್ನ ಮೇಷ್ಟ್ರು ಹೇಳಿಯೇ ಇರುತ್ತಾರೆ. ಅವರಾದ ಮೇಲೆ ಬಂದ ಮೂರನೆಯವನೊಬ್ಬನಿದ್ದಾನೆ, ಪಾಲಿಬಿಯಸ್. ಅವನನ್ನು ಓದುವುದು ಸುಖದ ಕೆಲಸವಲ್ಲ. ಡಯೋನಿಸಿಯಸ್ ಎಂಬ ಗ್ರೀಕ್ ವಿಮರ್ಶಕನೇ, ಇವನ ಪುಸ್ತಕವನ್ನು ಕೊನೆತನಕ ಓದುವ ತಾಳ್ಮೆ ಯಾರಿಗೂ ಇಲ್ಲ ಎಂದು ಷರಾ ಎಳೆದುಬಿಟ್ಟ. 40 ಸಂಪುಟಗಳಲ್ಲಿ ಪೂರ್ತಿ ಉಳಿದಿರುವುದು ಮೊದಲ 5 ಮಾತ್ರ, ಮಿಕ್ಕವು ತುಂಡು ತುಂಡು. ಆದರೂ ರೋಮ್ ಬೆಳೆದ ಬಗೆಯನ್ನು ತಿಳಿಯಬೇಕಾದವರು ಇವತ್ತಿಗೂ ಅವನ ಹತ್ತಿರವೇ ಹೋಗಬೇಕು.

ಕ್ರಿ.ಪೂ. 200ರ ಆಸುಪಾಸಿನಲ್ಲಿ ಗ್ರೀಸಿನ ಮೆಗಲೋಪೊಲಿಸ್‌ನಲ್ಲಿ ಹುಟ್ಟಿದ. ತಂದೆ ಲೈಕೋರ್ಟಾಸ್ ಗ್ರೀಕ್ ನಗರಗಳ ಅಕೀಯನ್ ಒಕ್ಕೂಟದ ಮುಂದಾಳು. ಮಗನೂ ಅಶ್ವದಳದ ನಾಯಕನಾದ, ಇನ್ನೇನು ತಂದೆಯ ಸ್ಥಾನಕ್ಕೇ ಬರುತ್ತಾನೆ ಅನ್ನುವಷ್ಟರಲ್ಲಿ ಎಲ್ಲ ತಲೆಕೆಳಗಾಯಿತು. ಕ್ರಿ.ಪೂ. 168ರಲ್ಲಿ ಪಿಡ್ನಾ ಎಂಬಲ್ಲಿ ಮ್ಯಾಸಿಡೋನಿಯಾದ ದೊರೆಯನ್ನು ಸೋಲಿಸಿದ ರೋಮನ್ನರು, ಮರುವರ್ಷ ಅಕೀಯನ್ ಮುಖಂಡರಲ್ಲಿ ಸುಮಾರು 1,000 ಜನರನ್ನು ಇಟಲಿಗೆ ಎಳೆದೊಯ್ದರು. ವಿಚಾರಣೆ ಮಾಡುತ್ತೇವೆ ಅಂದರು, ಮಾಡಲೇ ಇಲ್ಲ. ಹದಿನಾರು ಹದಿನೇಳು ವರ್ಷ ಕಳೆಯಿತು. ಕೊನೆಗೆ ಊರಿಗೆ ಕಳಿಸುವ ಮಾತು ಬಂದಾಗ 300 ಜನವೂ ಉಳಿದಿರಲಿಲ್ಲ. ಈ ಗ್ರೀಕ್ ಮುದುಕರನ್ನು ಹೂಳುವವರು ನಮ್ಮವರೋ ಅವರವರೋ ಎಂಬುದಕ್ಕೆ ಸೆನೆಟ್ ಇಡೀ ದಿನ ಕೂತು ಚರ್ಚೆ ಮಾಡಬೇಕೇ ಎಂದು ಸೆನೆಟರ್ ಕೇಟೊ ಹಂಗಿಸಿದನಂತೆ. ಬಿಡುಗಡೆ ಸಿಕ್ಕಿದ್ದು ಆ ಕುಹಕದಿಂದ, ಕರುಣೆಯಿಂದಲ್ಲ.

ಮೊದಲು ಕರೆತಂದಾಗ ಬೇರೆ ಒತ್ತೆಯಾಳುಗಳನ್ನು ಇಟಲಿಯ ಊರೂರಿಗೆ ಹಂಚಿದ್ದರು. ಪಾಲಿಬಿಯಸ್ ಮಾತ್ರ ರೋಮಿನಲ್ಲೇ ಉಳಿದ. ಪಿಡ್ನಾದಲ್ಲಿ ಗೆದ್ದ ಸೇನಾಪತಿಯ ಮಕ್ಕಳು ಅವನ ಪರವಾಗಿ ಕೇಳಿಕೊಂಡಿದ್ದರು. ಪುಸ್ತಕ ಎರವಲು ತೆಗೆದುಕೊಳ್ಳುವುದರಿಂದ ಶುರುವಾದ ಸ್ನೇಹ ಅದು. ಆ ಹುಡುಗರಲ್ಲೊಬ್ಬನೇ ಮುಂದೆ ಕಾರ್ಥೇಜ್ ಪಟ್ಟಣವನ್ನು ಸುಟ್ಟ ಸಿಪಿಯೊ. ಬೇರೆಯವನಾಗಿದ್ದರೆ ರೋಮಿಗೆ ಹಿಡಿಶಾಪ ಹಾಕುತ್ತಾ ಮುದುಕನಾಗುತ್ತಿದ್ದ. ಇವನು, 53 ವರ್ಷವೂ ತುಂಬುವ ಮೊದಲೇ ಲೋಕವೆಲ್ಲ ಈ ಒಂದು ಊರಿನ ಕೈಕೆಳಗೆ ಬಂದದ್ದು ಹೇಗೆ ಎಂದು ಹುಡುಕುತ್ತಾ ಕೂತ.

ಕೂತ ಅಂದೆ, ತಪ್ಪು ತಿಳಿಯಬೇಡ. ಕೂತು ಬರೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ತನಗಿಂತ ಹಿಂದಿನ ಟಿಮೇಯಸ್ ಅಥೆನ್ಸಿನಲ್ಲಿ ಸುಮಾರು 50 ವರ್ಷ ಪುಸ್ತಕಗಳ ನಡುವೆಯೇ ಇದ್ದು ಯುದ್ಧಗಳ ಬಗ್ಗೆ ಬರೆದ ಎಂದು ಜಾಡಿಸುತ್ತಾನೆ. ತಾನು ಕಾರ್ಥೇಜಿನ ಸೇನಾನಿ ಹ್ಯಾನಿಬಲ್ ದಾಟಿದ ಆಲ್ಪ್ಸ್ ಹಾದಿಯನ್ನು ಸ್ವತಃ ಹತ್ತಿ ಇಳಿದ, ಆ ಕಾಲದಲ್ಲಿ ಇದ್ದವರನ್ನು ವಿಚಾರಿಸಿದ. ದಕ್ಷಿಣ ಇಟಲಿಯ ಲಸಿನಿಯಮ್ ಭೂಶಿರದಲ್ಲಿ ಹ್ಯಾನಿಬಲ್ ಬಿಟ್ಟುಹೋಗಿದ್ದ ಕಂಚಿನ ಫಲಕವನ್ನು ಓದಿದ. ಇಟಲಿ ತಲುಪಿದಾಗ ಹ್ಯಾನಿಬಲ್ ಬಳಿ ಉಳಿದಿದ್ದವರು 12,000 ಆಫ್ರಿಕನ್ ಕಾಲಾಳು, 8,000 ಸ್ಪೇನಿನ ಕಾಲಾಳು, ಹೆಚ್ಚೆಂದರೆ 6,000 ಕುದುರೆ ಸವಾರರು. ಈ ಲೆಕ್ಕ ನಮಗೆ ದಕ್ಕಿದ್ದು ಅವನು ಅಲ್ಲಿಗೆ ಹೋದದ್ದರಿಂದ. ನೀನೂ ಹೋಗು. ಶಾಸನದ ಫೋಟೊ ನೋಡಿದೆ ಅಂತ ನನ್ನ ಹತ್ತಿರ ಹೇಳಬೇಡ.

ಇನ್ನೊಂದು ನನಗೆ ತುಂಬಾ ಹಿಡಿಸಿದ ಸಂಗತಿ. ರೋಡ್ಸ್ ದ್ವೀಪದ ಝೀನೊ ಎಂಬ ಸಮಕಾಲೀನ ಲೇಖಕ ಸ್ಪಾರ್ಟಾ ಸೀಮೆಯ ದಾರಿ ದಿಕ್ಕುಗಳನ್ನು ತಪ್ಪಾಗಿ ಬರೆದಿದ್ದ. ಪಾಲಿಬಿಯಸ್ ನೇರವಾಗಿ ಅವನಿಗೇ ಪತ್ರ ಹಾಕಿದ. ಪುಸ್ತಕ ಆಗಲೇ ಹೊರಬಿದ್ದಿತ್ತು, ತಿದ್ದಲಾಗಲಿಲ್ಲ. ಝೀನೊ ನೊಂದುಕೊಂಡರೂ ಮುನಿಸಿಕೊಳ್ಳಲಿಲ್ಲ. ತನ್ನ ತಪ್ಪುಗಳಿಗೂ ಓದುಗರು ಇಷ್ಟೇ ಉದಾರವಾಗಿರಲಿ ಎಂದು ಪಾಲಿಬಿಯಸ್ ಅಲ್ಲೇ ಕೇಳಿಕೊಳ್ಳುತ್ತಾನೆ. ಈಗ ಇಂಥದ್ದನ್ನು ಫೇಸ್‌ಬುಕ್ಕಿನಲ್ಲಿ ಹಾಕಿ ಮಾನ ಕಳೆಯುತ್ತಾರೆ.

ಹಾಗಂತ ಅವನನ್ನು ಪೂರ್ತಿ ನಂಬಬೇಡ. ಸಿಪಿಯೊನ ಮನೆತನದ ವಿಷಯ ಬಂದಾಗ ಅವನ ಲೇಖನಿ ಮೆತ್ತಗಾಗುತ್ತದೆ. ತನ್ನ ಒಕ್ಕೂಟದ ವೈರಿಗಳಾದ ಎಟೋಲಿಯನ್ನರಿಗೆ ಅವನಿಂದ ಒಳ್ಳೆಯ ಮಾತು ಸಿಗುವುದು ಅಪರೂಪ. ಆದರೆ ಸಿಪಿಯೊನ ಸ್ನೇಹ ಬೆಳೆದ ಬಗೆಯನ್ನು ತಾನೇ ಬಿಚ್ಚಿ ಬರೆದಿದ್ದಾನೆ ನೋಡು, ಅಲ್ಲಿ ಅವನಿಗೆ ಅರ್ಧ ಮಾಫಿ. ಯಾರ ಋಣ ನಿನ್ನ ಮೇಲಿದೆಯೋ ಅದನ್ನು ನೀನೂ ಮೊದಲ ಪುಟಗಳಲ್ಲೇ ಹೇಳಿಬಿಡು, ಆಮೇಲೆ ಓದುಗ ತನಗೆ ಬೇಕಾದಷ್ಟು ಕಳೆದುಕೊಂಡು ಓದಲಿ.

ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಉರಿಯುವಾಗ ಅವನು ಸಿಪಿಯೊನ ಪಕ್ಕದಲ್ಲಿದ್ದ. ಅದೇ ವರ್ಷ ರೋಮನ್ನರು ಅವನ ನಾಡಿನ ಕಾರಿಂತ್ ನಗರವನ್ನೂ ನೆಲಸಮ ಮಾಡಿದರು. ಸೋತ ಅಕೀಯನ್ ಸೇನಾನಿ ಡಯೀಯಸ್‌ನ ಆಸ್ತಿಯಲ್ಲಿ ಬೇಕಾದ್ದನ್ನು ತೆಗೆದುಕೋ ಎಂದು ರೋಮಿನ ಅಧಿಕಾರಿಗಳು ಹೇಳಿದಾಗ ಒಂದು ಚೂರೂ ಮುಟ್ಟಲಿಲ್ಲ, ಗೆಳೆಯರಿಗೂ ಹರಾಜಿನ ಕಡೆ ಸುಳಿಯಬೇಡಿ ಎಂದ. ಆಮೇಲೆ ಊರೂರು ತಿರುಗಿ ಹೊಸ ಕಾನೂನುಗಳನ್ನು ಜನಕ್ಕೆ ತಿಳಿಹೇಳಿದ. ಗ್ರೀಕರು ಅವನಿಗೆ ಪ್ರತಿಮೆ ನಿಲ್ಲಿಸಿದ್ದು ಇದಕ್ಕೆ, ಪುಸ್ತಕಕ್ಕಲ್ಲ.

ಓದುವಾಗ ಒಂದನೆಯ ಸಂಪುಟದಿಂದ ಶುರುಮಾಡಬೇಡ, ಸುಸ್ತಾಗುತ್ತೀಯ. ಹ್ಯಾನಿಬಲ್ ಬರುವ ಮೂರನೆಯದನ್ನು ಮೊದಲು ತೆಗೆ. ರೋಮಿನ ಆಡಳಿತವನ್ನು ಬಿಡಿಸಿಡುವ ಆರನೆಯದಕ್ಕೆ ಸಮಯ ಕೊಡು. ಹನ್ನೆರಡನೆಯದರ ತುಂಬ ಟಿಮೇಯಸ್‌ಗೆ ಬೈಗುಳ, ಅದನ್ನು ರಾತ್ರಿ ಊಟವಾದ ಮೇಲೆ ಓದು, ಚೆನ್ನಾಗಿ ನಗು ಬರುತ್ತದೆ.