ಹೂಮಳೆಯ ಮೋಡವೂ ತೋಟದ ಮಳೆಮಾಪಕವೂ

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ನಮ್ಮ ಕಾಫಿ ಸೀಮೆಯಲ್ಲಿ ಇಬ್ಬರು ಬೆಳೆಗಾರರು ಸೇರಿದರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಎಂಬುದೇ. ಮಧ್ಯಾಹ್ನ ಗುಡ್ಡದಾಚೆ ಮೋಡ ಕಟ್ಟಿದೊಡನೆ ಅನೇಕರು ಸ್ಪ್ರಿಂಕ್ಲರ್ ಎಂಜಿನ್ ನಿಲ್ಲಿಸುತ್ತಾರೆ. ತಣ್ಣನೆ ಗಾಳಿ ಬೀಸುತ್ತದೆ, ಮಣ್ಣಿನ ವಾಸನೆಯೂ ಬರುತ್ತದೆ. ಸಂಜೆಗೆ ಆಕಾಶ ತಿಳಿಯಾಗಿ, ಪಕ್ಕದ ಊರಿಗೆ ಒಂದು ಇಂಚು ಬಿತ್ತೆಂಬ ಸುದ್ದಿ ಮಾತ್ರ ಬಂದು ಮುಟ್ಟುತ್ತದೆ. ಹೀಗೆ ಮೋಡದ ಬೆನ್ನು ಹತ್ತಿ ವಾರಗಳು ಕಳೆದರೆ ಕೆರೆಯ ನೀರೂ ಇಳಿಯುತ್ತದೆ, ರೊಬಸ್ಟಾ ಮೊಗ್ಗೂ ಸೊರಗುತ್ತದೆ.

ಈ ಮಳೆಯ ಸ್ವಭಾವವನ್ನು ಸ್ವಲ್ಪ ತಿಳಿಯೋಣ. ಮುಂಗಾರಿನ ಮೋಡ ಜಿಲ್ಲೆ ಜಿಲ್ಲೆಗಳನ್ನೇ ಹೊದ್ದುಕೊಂಡು ಬರುತ್ತದೆ. ಬೇಸಿಗೆಯ ಗುಡುಗು ಮಳೆ ಹಾಗಲ್ಲ. ಕಾದ ನೆಲದ ಮೇಲಿನ ತೇವದ ಗಾಳಿ ನೇರವಾಗಿ ಮೇಲೇರಿ ಒಂದೊಂದೇ ಗೋಪುರವಾಗುತ್ತದೆ. ಇಂತಹ ಒಂಟಿ ಮೋಡದ ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಮಳೆ ಸುರಿಸುವ ಅಗಲ ಕೆಲವೇ ಕಿಲೋಮೀಟರು. ಮೇಲಿನ ಗಾಳಿ ತಳ್ಳಿದ ಕಡೆಗೆ ಅದರ ಓಟ. ನಮಗೆ ತಾಗುವ ತಣ್ಣನೆ ಗಾಳಿ ಬೇರೆ ಕಡೆ ಬಿದ್ದ ಮಳೆಯೊಡನೆ ಇಳಿದು ಹರಡಿದ ಗಾಳಿ. ಅದು ಬಂತೆಂದರೆ ಮಳೆಯೂ ಬಂತು ಎಂದಲ್ಲ. ಹವಾಮಾನ ಮುನ್ಸೂಚನೆಯೂ ಜಿಲ್ಲೆಯಲ್ಲಿ ಅಲ್ಲಲ್ಲಿ ಗುಡುಗು ಮಳೆ ಎಂದೀತೇ ಹೊರತು ನಿಮ್ಮ ಸರ್ವೆ ನಂಬರಿನ ಹೆಸರು ಹೇಳದು.

ಆದ್ದರಿಂದ ನಂಬಬೇಕಾದದ್ದು ನಮ್ಮದೇ ತೋಟದ ಮಳೆಮಾಪಕವನ್ನು. ಅದನ್ನು ಮರದ ನೆರಳಿಗೆ ಸಿಗದ ಬಯಲಿನಲ್ಲಿ ನಿಲ್ಲಿಸಿ. ನೂರು ಸೆಂಟ್ ಎಂದರೆ ಒಂದು ಇಂಚು. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು ನೀರು. ಅಂದರೆ ಒಂದು ಸೆಂಟಿಗೆ ಎಕರೆಗೆ ಸುಮಾರು ಸಾವಿರ ಲೀಟರು. ಬಾಯಿಲೆಕ್ಕಕ್ಕೆ ಇಷ್ಟು ಸುಲಭವಾದದ್ದು ಇನ್ನೊಂದಿಲ್ಲ.

ರೊಬಸ್ಟಾ ಸರಿಯಾಗಿ ಅರಳಲು ಒಂದರಿಂದ ಒಂದೂವರೆ ಇಂಚು ಬೇಕು. ಮೂವತ್ತು ಸೆಂಟ್ ಬಿದ್ದು ನಿಂತರೆ ಅದು ಮಳೆ ಬಾರದ್ದಕ್ಕಿಂತ ಕಷ್ಟ. ಮೊಗ್ಗು ಎಚ್ಚರವಾಗುತ್ತದೆ, ಪೂರ್ತಿ ಬಿಡಿಸಿಕೊಳ್ಳಲು ನೀರು ಸಾಲದೆ ಒಣಗುತ್ತದೆ. ನೀರಿರುವವರು ಇನ್ನೊಂದು ಮೋಡಕ್ಕೆ ಕಾಯದೆ ಕೂಡಲೇ ಉಳಿದ ಎಪ್ಪತ್ತು ಸೆಂಟನ್ನು, ಅಂದರೆ ಎಕರೆಗೆ ಎಪ್ಪತ್ತು ಸಾವಿರ ಲೀಟರನ್ನು, ಜೆಟ್‌ನಿಂದ ಕೊಟ್ಟು ಮುಗಿಸಬೇಕು. ಐದು ಹತ್ತು ಸೆಂಟು ನೆರಳುಮರದ ಎಲೆಯಲ್ಲೇ ಆರಿಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀರು ಕಡಿಮೆಯಿದ್ದರೆ ಎಲ್ಲ ಕಡೆ ಚೂರು ಚೂರು ಹಾರಿಸುವುದಕ್ಕಿಂತ ಒಂದು ಬ್ಲಾಕನ್ನು ಪೂರ್ತಿ ನೆನೆಸುವುದು ಒಳ್ಳೆಯದು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಸುತ್ತಲ ಗಿಡಗಳೂ ಒಟ್ಟಿಗೆ ಅರಳಬೇಕು, ಜೇನು ಬರಬೇಕು. ಹೂವಿರುವಾಗ ಕೀಟನಾಶಕದ ಮಾತೇ ಬೇಡ. ಹೂ ಕಂಡು ಎರಡು ಮೂರು ವಾರದೊಳಗೆ ಹಿಮ್ಮಳೆ ಬಾರದಿದ್ದರೆ ಮತ್ತೊಂದು ಸುತ್ತು ನೀರು ಬೇಕೆಂಬುದನ್ನು ಮೊದಲೇ ಕೆರೆಯಲ್ಲಿ ಉಳಿಸಿಕೊಳ್ಳಿ. ಅರೇಬಿಕಾ ಸ್ವಪರಾಗದ ಗಿಡ, ಅಷ್ಟು ಹಟ ಮಾಡದು.

ನೀರಿನ ಅನುಕೂಲವಿಲ್ಲದ ಸಣ್ಣ ಹಿಡುವಳಿದಾರರು ಮೋಡ ನೋಡಿ ಮಾಡಬಹುದಾದದ್ದು ಕಡಿಮೆ. ಬುಡದ ದರಗು ಕೆದಕದೆ, ಮಳೆ ಹಿಡಿಯುವ ತನಕ ನೆರಳು ಕಡಿಯದೆ ನೆಲದ ತೇವ ಕಾಪಾಡಿಕೊಳ್ಳಬೇಕು. ಕೊಯ್ಲು ತಡವಾಗಿ ಕಣದಲ್ಲಿ ಕಾಫಿ ಇರುವವರಿಗೆ ಮಾತ್ರ ಮಧ್ಯಾಹ್ನದ ಮೋಡ ನಿಜವಾಗಿಯೂ ಕೆಲಸ ಕೊಡುತ್ತದೆ: ಟಾರ್ಪಾಲು ಕೈಗೆಟುಕುವಲ್ಲಿರಲಿ.

ಅಡಿಕೆ ತೋಟದವರು ಹತ್ತಿಪ್ಪತ್ತು ಸೆಂಟ್ ಬಿತ್ತೆಂದು ನೀರಿನ ಸರದಿ ತಪ್ಪಿಸಬಾರದು. ಬುಡದ ಮಣ್ಣನ್ನು ನಾಲ್ಕು ಬೆರಳು ಕೆದಕಿ ನೋಡಿದರೆ ಕೆಳಗೆ ಒಣ ಮಣ್ಣೇ ಸಿಗುತ್ತದೆ.

ಇನ್ನು ಸಿಡಿಲು. ಮೋಡ ಬರುವ ಮೊದಲು ಒಂದು ಸಾಲು ಮುಗಿಸೋಣವೆಂದು ಅಲ್ಯೂಮಿನಿಯಂ ಪೈಪು ಹೊತ್ತು ಓಡುವವರನ್ನು ಪ್ರತಿ ವರ್ಷ ಕಾಣುತ್ತೇವೆ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಬಂದರೆ ಪೈಪು ಕೆಳಗಿಟ್ಟು ಆಳುಗಳೊಡನೆ ಮನೆ ಸೇರಿ. ಸಿಲ್ವರ್ ಓಕ್ ಅಥವಾ ಅಡಿಕೆ ಮರದ ಬುಡದಲ್ಲಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆಯೇ ಹೊರಡಿ, ಮಳೆಮಾಪಕ ನೋಡಲಾದರೂ ಸರಿ.